ಹಸಿ ಅಂಟಿಗೆ ಸಹಿ ಹಾಕದ ಬದ್ರುನ್ನಿಸಾ ಮೇಡಂ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಕಳೆದ ಮೂರು ದಶಕಗಳಲ್ಲಿ ಎದ್ದ ಕಾಲುಸಂಕವೆಂಬ ಕಿರುಸೇತುವೆ, ನೀರಿನ ಟಾಕಿ, ಶಾಲೆಯ ಕೋಣೆಗಳಲ್ಲಿ ಎಷ್ಟೋ ಇಂದಿಗೂ ನೆಟ್ಟಗೆ ನಿಂತಿರುವುದಕ್ಕೆ ಸಿಮೆಂಟು ಕಬ್ಬಿಣಗಳು ಎಷ್ಟು ಕಾರಣವೋ, ಒಬ್ಬ ಹೆಣ್ಣುಮಗಳ ಅನುಮಾನವೂ ಅಷ್ಟೇ ಕಾರಣ. ಶಿರಸಿಯ ಪಾಲಿಟೆಕ್ನಿಕ್ಕಿನ ಸಿವಿಲ್ ವಿಭಾಗದಲ್ಲಿ ಉಪನ್ಯಾಸಕಿಯಾಗಿ ಸೇರಿ, ಅಲ್ಲಿಯ ಸಾಮಗ್ರಿ ಪರೀಕ್ಷಾ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿ, ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ಬದ್ರುನ್ನಿಸಾ ಅಲ್ಲಾವುದ್ದೀನ್ ಅವರೇ ಆ ಹೆಣ್ಣುಮಗಳು. ಕಬ್ಬಿಣವನ್ನು ಕಲ್ಲಿಗೆ, ಕಲ್ಲನ್ನು ಕಾಂಕ್ರೀಟಿಗೆ ಬೆಸೆಯುವ ಎಪಾಕ್ಸಿ ಎಂಬ ರಾಳ ಗಟ್ಟಿಯಾಗುವಾಗ ತೇವ ಏನೇನು ಕಿತಾಪತಿ ಮಾಡುತ್ತದೆಂಬುದನ್ನು ಈ ಸೀಮೆಯಲ್ಲಿ ಅವರಷ್ಟು ಹಟ ಹಿಡಿದು ಬೆನ್ನಟ್ಟಿದವರು ಮತ್ತೊಬ್ಬರಿಲ್ಲ.

ನಿವೃತ್ತರಾಗುವವರನ್ನು ಶಾಂತಸ್ವಭಾವದವರೆಂದೂ ಸಮಾಧಾನಿಗಳೆಂದೂ ಬರೆಯುವುದು ಇಂಥ ಅಭಿನಂದನ ಗ್ರಂಥಗಳ ರೂಢಿ. ಇಲ್ಲಿ ಹಾಗೆ ಬರೆದರೆ ಮೊದಲು ನಗುವವರು ಅವರೇ. ಬದ್ರುನ್ನಿಸಾ ಮೇಡಂ ಕುರ್ಚಿಯಲ್ಲಿ ಪೂರ್ತಿ ಕುಳಿತದ್ದನ್ನು ಕಂಡವರಿಲ್ಲ. ಕುರ್ಚಿಯ ಅಂಚಿಗೆ ತಾಗಿಯೂ ತಾಗದಂತೆ ಕೂತಿರುತ್ತಿದ್ದರು, ಎಲ್ಲೋ ಏನೋ ಬಿರುಕು ಬಿಡುತ್ತಿದೆ, ತಾವೀಗಲೇ ಎದ್ದು ಹೋಗಬೇಕು ಎಂಬಂತೆ. ಯಾರ ಮನೆಗೆ ಹೋಗಲಿ, ಮದುವೆಯ ಮನೆಯೇ ಆಗಲಿ, ಮೊದಲು ಅಂಗೈಯ ಹಿಂಬದಿಯನ್ನು ಗೋಡೆಗೆ ತಾಗಿಸಿ ನೋಡುತ್ತಿದ್ದರು. "ಪಸೆ ಐತಿ" ಎಂದು ಗೊಣಗಿ, ಆಮೇಲೆಯೇ ಮದುಮಕ್ಕಳತ್ತ ತಿರುಗುತ್ತಿದ್ದರು. ಅವರ ಕುರಿತ ಈ ಲೇಖನವೂ ನಿಂತಲ್ಲಿ ನಿಲ್ಲದಿದ್ದರೆ ಹಿರಿಯ ಓದುಗರು ಮನ್ನಿಸಬೇಕು.

ಅನುಮಾನ ಅವರಿಗೆ ಹುಟ್ಟಿದ್ದು ಯಲ್ಲಾಪುರದ ಹೆದ್ದಾರಿಯ ಪಕ್ಕದಲ್ಲಿ. ತಂದೆ ಅಲ್ಲಾವುದ್ದೀನ್ ಸಾಹೇಬರು ಅರಬೈಲು ಘಟ್ಟ ಹತ್ತಿ ಬರುವ ಲಾರಿಗಳ ಗಾಯಗಳಿಗೆ ಮುಲಾಮು ಹಚ್ಚುವ ವೈದ್ಯರಂತಿದ್ದವರು. ಡೀಸೆಲ್ ಟಾಕಿಗೆ ಕಲ್ಲು ಬಡಿದು ಸೋರುತ್ತಿದ್ದರೆ ಎರಡು ಡಬ್ಬಿಗಳ ಅಂಟನ್ನು ಹಲಗೆಯ ಮೇಲೆ ಕಲೆಸಿ ತೂತಿಗೆ ಮೆತ್ತುತ್ತಿದ್ದರು. ಒಂದು ಡಬ್ಬಿಯಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ಹಾರ್ಡನರ್. ಬೇಸಿಗೆಯಲ್ಲಿ ಚಾಲಕ ಊಟ ಮುಗಿಸಿ ಬರುವಷ್ಟರಲ್ಲಿ ಕಲ್ಲಿನಂತಾಗುತ್ತಿದ್ದ ಅದೇ ಅಂಟು ಆಷಾಢದಲ್ಲಿ ಹಲಸಿನ ಮೇಣದಂತೆ ಬೆರಳಿಗೆ ಅಂಟಿ ಬರುತ್ತಿತ್ತು. ಚಾಲಕರು ರೇಗುತ್ತಿದ್ದರು, ತಂದೆ ಬೀಡಿ ಹಚ್ಚುತ್ತಿದ್ದರು, ಮಗಳು ನಡುವೆ ನಿಂತು ಕೇಳುತ್ತಿದ್ದಳು.

"ಅಬ್ಬಾ, ಅಂಟು ಅದೇ, ಕೈ ಅದೇ. ಮತ್ತ ಯಾಕ ಹಿಂಗ?"

"ಹವಾದಾಗ ನೀರು ಐತಿ ಬೇಟಿ. ಅದು ಹೊಟ್ಟೀಕಿಚ್ಚಿನ ನೀರು. ಇಬ್ಬರು ಕೂಡೂದು ಅದಕ್ಕ ಆಗಂಗಿಲ್ಲ."

ಈ ಉತ್ತರ ಅವರಿಗೆ ಸಾಕಾಗಲಿಲ್ಲ. ಸಾಕಾಗಿದ್ದರೆ ಈ ಗ್ರಂಥದ ಅಗತ್ಯವೇ ಬೀಳುತ್ತಿರಲಿಲ್ಲ. ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಹೆಣ್ಣುಮಕ್ಕಳು ಸಿವಿಲ್ ವಿಭಾಗದ ಬಾಗಿಲಲ್ಲಿ ನಿಂತರೆ ಗುಮಾಸ್ತರು "ಟೈಪಿಂಗ್ ಆ ಕಡೆ" ಎಂದು ಕೈ ತೋರುತ್ತಿದ್ದ ಕಾಲದಲ್ಲಿ ಶಿರಸಿಗೆ ಬಂದು ಕೆಲಸಕ್ಕೆ ಹಾಜರಾದರು. ತಂದೆಯ ಹೊಟ್ಟೆಕಿಚ್ಚಿನ ನೀರು ತರಗತಿಗೂ ಬಂತು. ಎಪಾಕ್ಸಿ ಒಣಗುವುದಿಲ್ಲ, ಕೂಡುತ್ತದೆ ಎಂದು ಅವರು ಮೊದಲ ದಿನವೇ ಹೇಳುತ್ತಿದ್ದರು. ರಾಳ ಹೆಣ್ಣಿನ ಕಡೆಯವರು, ಹಾರ್ಡನರ್ ಗಂಡಿನ ಕಡೆಯವರು. ಮಾತುಕತೆ ಕುದುರುತ್ತಿರುವಾಗ ಪಡಸಾಲೆಗೆ ಕರೆಯದೆ ಬಂದು ಗಂಡಿನ ಕಡೆಯವರ ಕೈ ಹಿಡಿದು ಪಕ್ಕಕ್ಕೆ ಎಳೆದೊಯ್ಯುವ ದೂರದ ನೆಂಟನೇ ತೇವ. ಅವನು ಬಂದನೆಂದರೆ ಮೇಲ್ಮೈಯಲ್ಲಿ ಬೆಣ್ಣೆ ಸವರಿದಂಥ ಬಿಳಿ ಜಿಡ್ಡು ಕಟ್ಟುತ್ತದೆ, ಒಳಗೆ ಮೆತ್ತಗೇ ಉಳಿಯುತ್ತದೆ, ಅದರ ಮೇಲೆ ಹಚ್ಚಿದ ಮುಂದಿನ ಪದರ ಸಿಪ್ಪೆಯಂತೆ ಎದ್ದು ಬರುತ್ತದೆ. ಹುಡುಗರು ನಗುತ್ತಿದ್ದರು. ಪರೀಕ್ಷೆಯಲ್ಲಿ ನೆಂಟನ ಹೆಸರನ್ನೂ ಬರೆದು ಬರುತ್ತಿದ್ದರು.

ಪ್ರಯೋಗಾಲಯದಲ್ಲಿ ಮರಳಿನ ತೇವ ಅಳೆಯಲು ಇಟ್ಟಿದ್ದ ವಿದ್ಯುತ್ ಒಲೆಯ ಪ್ರಸಂಗವನ್ನು ಇಲ್ಲಿ ನೆನೆಯದಿದ್ದರೆ ಎಕ್ಕಂಬಿಯ ಮಮತಾ ಜಗಳಕ್ಕೆ ಬರುತ್ತಾಳೆ. ದಿನವೂ ಬಸ್ಸಿಗಾಗಿ ಮಳೆಯಲ್ಲಿ ನಿಂತು, ತೊಯ್ದ ಸಮವಸ್ತ್ರದಲ್ಲೇ ಸಂಜೆಯವರೆಗೆ ಕೂತು, ಜ್ವರ ಬಂದು ಓದು ಬಿಡುವ ಯೋಚನೆಯಲ್ಲಿದ್ದ ಆ ಹುಡುಗಿಯ ಕಾಲುಚೀಲ, ದುಪಟ್ಟಾಗಳನ್ನು ಮೇಡಂ ಒಂದು ಬೆಳಿಗ್ಗೆ ಮಾತಿಲ್ಲದೆ ಇಸಿದುಕೊಂಡು ಮರಳಿನ ತಟ್ಟೆಗಳ ಪಕ್ಕದಲ್ಲಿ ಒಲೆಯೊಳಗೆ ಇಟ್ಟರು. ಮಳೆಗಾಲ ಮುಗಿಯುವುದರೊಳಗೆ ವಿಭಾಗದ ಹುಡುಗಿಯರೆಲ್ಲರ ಕಾಲುಚೀಲಗಳು ಅಲ್ಲಿ ಒಣಗತೊಡಗಿದವು. ಪ್ರಾಚಾರ್ಯರು ಸರ್ಕಾರಿ ಉಪಕರಣದ ದುರ್ಬಳಕೆಯೆಂದು ವಿವರಣೆ ಕೇಳಿದಾಗ ಮೇಡಂ ಕೊಟ್ಟ ಉತ್ತರ ಹೀಗಿತ್ತು: "ತೇವಾಂಶ ನಿರ್ಧಾರ ಪ್ರಯೋಗ. ಮಾದರಿ: ಕಾಲುಚೀಲ. ಫಲಿತಾಂಶ: ವಿದ್ಯಾರ್ಥಿನಿ ಹಾಜರು." ಮಮತಾ ಈಗ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್.

ಅವರ ಸಂಶೋಧನೆಯೂ ಊರೂರು ಅಲೆಯುವಂಥದ್ದೇ. ಕಬ್ಬಿಣದ ಪಟ್ಟಿಗಳನ್ನು ಎಪಾಕ್ಸಿಯಿಂದ ಜೋಡಿಸಿ ಒಂದನ್ನು ಪ್ರಯೋಗಾಲಯದಲ್ಲಿ, ಒಂದನ್ನು ಎಕ್ಕಂಬಿಯ ಬಸ್ ತಂಗುದಾಣದಲ್ಲಿ, ಒಂದನ್ನು ಯಲ್ಲಾಪುರದ ತಂದೆಯ ಗ್ಯಾರೇಜಿನಲ್ಲಿ, ಮತ್ತೊಂದನ್ನು ಮತ್ತಿಘಟ್ಟದ ಹಳ್ಳದ ಬದಿಯಲ್ಲಿ ತೂಗಹಾಕಿ ಮಳೆಗಾಲವಿಡೀ ಹಿಂದೆ ಮುಂದೆ ಓಡಾಡಿದರು. ಮಂಜು ಕವಿದ ಬೆಳಿಗ್ಗೆ ಹಚ್ಚಿದ್ದಕ್ಕೂ ಬಿಸಿಲೇರಿದ ಮೇಲೆ ಹಚ್ಚಿದ್ದಕ್ಕೂ ಹಿಡಿತದಲ್ಲಿ ಅಜಗಜಾಂತರವಿರುವುದನ್ನು ತೋರಿಸಿದರು. ವರದಿಯನ್ನು ಮೇಲಿನ ಕಚೇರಿಗೆ ಕಳಿಸಿದಾಗ "ಸ್ಥಳೀಯ ಹವಾಮಾನಕ್ಕೆ ಸೀಮಿತವಾದ ಅಧ್ಯಯನ" ಎಂಬ ಷರಾ ಹೊತ್ತು ವಾಪಸು ಬಂತು. ಸ್ಥಳೀಯವಲ್ಲದ ಮಳೆ ಎಲ್ಲಿ ಸುರಿಯುತ್ತದೆಂದು ಆ ಮಹನೀಯರು ಇಂದಿಗೂ ತಿಳಿಸಿಲ್ಲ. ರಾಜಧಾನಿಯ ತಂಪು ಕೋಣೆಯಲ್ಲಿ ಹಚ್ಚಿದ ಅಂಟು ಸಾರ್ವತ್ರಿಕ ಸತ್ಯ, ಘಟ್ಟದ ಹಳ್ಳದ ಮೇಲೆ ಹಚ್ಚಿದ್ದು ಸ್ಥಳೀಯ ಸಮಸ್ಯೆ! ಈ ಅಹಂಕಾರದ ಮೇಲೆ ಎಷ್ಟು ಸಂಕಗಳು ಕುಸಿದಿವೆಯೋ ಲೆಕ್ಕ ಇಟ್ಟವರಿಲ್ಲ.

ಶಿರಸಿಯ ನಮ್ಮ ಓದುಬಳಗಕ್ಕೆ ಅವರು ಬರತೊಡಗಿದ್ದು ಆ ಸಿಟ್ಟಿನಲ್ಲೇ. ಭೂಮಿ, ಕಾಡು, ಕೂಲಿಗಳ ಕುರಿತ ಬರಹಗಳನ್ನು ಓದಿ ಚರ್ಚಿಸುವಾಗ ಅವರು ಕಿಟಕಿಯ ಬಳಿ ನಿಂತೇ ಕೇಳುತ್ತಿದ್ದರು. ಬಳಗದವರು ಬರೆದ ಮನವಿ, ಕರಪತ್ರಗಳನ್ನು ಅವರ ಕೈಗೆ ಕೊಟ್ಟರೆ ಬೆವರಿಳಿಯುತ್ತಿತ್ತು. "ಸಿಟ್ಟು ಚಲೋ ಐತ್ರಿ. ಯಾರು, ಎಲ್ಲಿ, ಯಾವಾಗ, ಅದು ಎಲ್ಲಿ ಐತಿ? ತಟ್ಟಿ ನೋಡಿದ್ರ ಟೊಳ್ಳು ಸಪ್ಪಳ ಬರ್ತದ." ಬಳಗದ ಬರಹಗಾರರು ಅವರನ್ನು ಪ್ರೀತಿಸಿದ್ದಕ್ಕಿಂತ ಹೆದರಿದ್ದೇ ಹೆಚ್ಚು.

ಅವರ ನಿವೃತ್ತಿಯ ಹಿಂದಿನ ವರ್ಷ ಸಿದ್ದಾಪುರ ತಾಲೂಕಿನ ನಿಲ್ಕುಂದದ ಬಳಿಯ ಹಳ್ಳದಲ್ಲಿ ನಡೆದದ್ದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಹಳ್ಳದ ಈಚೆ ದಡದ ಕೇರಿಯವರಿಗೆ ಶಾಲೆ, ಪಡಿತರ, ಆಸ್ಪತ್ರೆ ಎಲ್ಲವೂ ಆಚೆ ದಡದ ರಸ್ತೆಯಿಂದಲೇ. ವರ್ಷವರ್ಷವೂ ಮರದ ದಿಮ್ಮಿಗಳ ಸಂಕ ಹಾಕುವುದು, ಮಳೆ ಅದನ್ನು ಒಯ್ಯುವುದು. ಕೇರಿಯ ದುರ್ಗಮ್ಮ ಎಂಬ ರೈತ ಮಹಿಳೆಯ ಮುಂದಾಳುತನದಲ್ಲಿ ಮೂರು ಮಳೆಗಾಲ ತಾಲೂಕು ಕಚೇರಿಯ ಎದುರು ಧರಣಿ ಕೂತು, ಅಧಿಕಾರಿಗಳ ಬೆನ್ನು ಬಿಡದೆ, ಕಬ್ಬಿಣದ ಕಾಲುಸಂಕವೊಂದನ್ನು ಮಂಜೂರು ಮಾಡಿಸಿಕೊಂಡಿದ್ದರು. ನಮ್ಮ ಬಳಗವೂ ಆ ಧರಣಿಯಲ್ಲಿ ಕೂತಿತ್ತು. ಎರಡೂ ದಡಗಳಲ್ಲಿ ಕಾಂಕ್ರೀಟಿನ ಕಟ್ಟೆ ಎದ್ದಿತು. ಕಟ್ಟೆಯಲ್ಲಿ ರಂಧ್ರ ಕೊರೆದು, ಸರಳುಗಳನ್ನು ಇಳಿಸಿ, ಎಪಾಕ್ಸಿ ಸುರಿದು, ಅವುಗಳ ಮೇಲೆ ಸಂಕದ ಚೌಕಟ್ಟನ್ನು ಬಿಗಿದಿದ್ದರು. ಶಾಲೆ ಆರಂಭವಾಗುವ ಮುನ್ನ ಉದ್ಘಾಟನೆ, ಗಣ್ಯರ ಆಗಮನ, ಶಾಮಿಯಾನ, ವಾದ್ಯ. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದ ಸಹಿಯೊಂದು ಬಾಕಿ ಇತ್ತು.

ಬದ್ರುನ್ನಿಸಾ ಮೇಡಂ ಈಚೆ ದಡದ ಕಟ್ಟೆಯ ಬಳಿ ಕುಕ್ಕರಗಾಲಲ್ಲಿ ಕೂತು ಎಂದಿನಂತೆ ಅಂಗೈಯ ಹಿಂಬದಿ ತಾಗಿಸಿದರು. ಆಮೇಲೆ ಉಗುರು ಒತ್ತಿದರು. ಸರಳಿನ ಬುಡದಲ್ಲಿದ್ದ ರಾಳದ ಮೇಲೆ ಉಗುರಿನ ಗುರುತು ಹಾಗೇ ಉಳಿಯಿತು, ಬಿಳಿಯ ಜಿಡ್ಡು ಬೆರಳಿಗೆ ಬಂತು. ಜಾಕ್ ಕಟ್ಟಿ ಸರಳನ್ನು ಮೇಲಕ್ಕೆ ಎಳೆಸಿದಾಗ, ಕೆಸರಿನಿಂದ ಕಾಲು ಕಿತ್ತ ಹಾಗೆ, ಅದು ನಿಧಾನವಾಗಿ ಎದ್ದು ಬಂತು. ಶಾಮಿಯಾನದ ಗೂಟ ಬಡಿಯುತ್ತಿದ್ದವರು ಬಡಿಯುವುದನ್ನು ನಿಲ್ಲಿಸಿದರು.

"ಕಲಬೆರಕೆ!" ಹೋರಾಟ ಸಮಿತಿಯ ಕಾರ್ಯದರ್ಶಿ ಮಾದೇವ ಕೂಗಿದ. "ನಾ ಮೊದ್ಲೇ ಹೇಳಿದ್ದೆ ಮಾರಾಯ್ರೆ, ಇವ್ರು ಅಂಟಲ್ಲೂ ತಿಂದ್ರು!"

ಗುತ್ತಿಗೆದಾರರ ಕಡೆಯ ಇಂಜಿನಿಯರ್ ದರ್ಶನ, ಮೇಡಂ ಅವರದೇ ಹಳೆಯ ವಿದ್ಯಾರ್ಥಿ, ಮುಖ ಬಿಳಿಚಿಕೊಂಡು ನಿಂತಿದ್ದ. "ಮೇಡಂ, ಎರಡೂ ಡಬ್ಬಿ ನಾನೇ ತೂಗಿ ಕಲೆಸಿದ್ದು. ನೀವು ಕಲಿಸಿದ ಹಾಗೇ. ಬಿಸಿಲೇರಿದ ಮೇಲೇ ಸುರಿದದ್ದು. ನಿಮ್ಮಾಣೆ."

"ನನ್ನ ಆಣೆ ಬ್ಯಾಡಪ್ಪ, ಅದರಿಂದ ಅಂಟು ಗಟ್ಟಿ ಆಗಂಗಿಲ್ಲ. ಆಚೆ ದಡದ್ದು ನೋಡೂಣು ನಡಿ."

ಸಂಕದ ಮೇಲೆ ಕಾಲಿಡಲು ಅವರೇ ಬಿಡಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ, ಸಲ್ವಾರ್ ಮೇಲೆತ್ತಿ, ದುರ್ಗಮ್ಮನ ಕೈ ಹಿಡಿದು ಹಳ್ಳ ದಾಟಿದರು. ಆಚೆ ದಡದಲ್ಲಿ ಉಗುರು ಜಾರಿತು. ಸುತ್ತಿಗೆಯಿಂದ ತಟ್ಟಿದರೆ ಗಂಟೆಯ ನಾದ. ಹೊತ್ತು ತಂದ ಜಾಕ್ ಎಷ್ಟು ಒತ್ತಿದರೂ ಸರಳು ಕೂದಲೆಳೆಯಷ್ಟೂ ಮಿಸುಕಲಿಲ್ಲ. ಅದೇ ಡಬ್ಬಿ, ಅದೇ ಕೈ, ಅದೇ ದಿನ. ಒಂದು ದಡದಲ್ಲಿ ಕಲ್ಲು, ಇನ್ನೊಂದು ದಡದಲ್ಲಿ ಹಲಸಿನ ಮೇಣ. ಮೇಡಂ ನೀರಿನಂಚಿನಲ್ಲಿ ಅತ್ತಿಂದಿತ್ತ ನಡೆದರು, ಬಗ್ಗಿದರು, ಎದ್ದರು, ಮತ್ತೆ ನಡೆದರು. ಅವರ ಎದೆಯಲ್ಲಿ ತಂದೆಯ ಗ್ಯಾರೇಜಿನ ಆ ಹಳೆಯ ಪ್ರಶ್ನೆಯೇ ಕುಟ್ಟುತ್ತಿತ್ತು.

"ನಿಮ್ಮ ಕೇರಿ ಕಡೆ ದಡದ ಕಟ್ಟೆ ಯಾರು ನೋಡ್ಕೊತಿದ್ರು, ದುರ್ಗಮ್ಮ?"

ದುರ್ಗಮ್ಮನ ಮುಖ ಅರಳಿತು. "ನಾವೇ ಅಕ್ಕೋರೆ! ಇವ್ರಿಗೆಲ್ಲಿ ಪುರ್ಸೊತ್ತು? ಅಂಟು ಸುರ್ದು ಮಧ್ಯಾಹ್ನವೇ ಜೀಪು ಹತ್ತಿ ಹೋದ್ರು. ಆವತ್ತು ಸಂಜೆಯಿಂದ ದಿನಾ ಎರಡು ಹೊತ್ತು ಕೊಡಪಾನದಲ್ಲಿ ನೀರು ಹೊಯ್ದೆ, ಗೋಣಿಚೀಲ ಹಸಿ ಮಾಡಿ ಹೊದೆಸ್ದೆ. ಸೊಸೆಗೂ ಬಿಡ್ಲಿಲ್ಲ, ನಾನೇ ಹೊಯ್ದದ್ದು. ಈ ಕಡೆ ದಡಕ್ಕೆ ಬರೂಕೆ ಆಗ್ಲಿಲ್ಲ ಅಂತ ಬೇಜಾರು, ಇದೊಂದು ಒಣಗ್ಕೊಂಡೇ ಉಳೀತು."

ತಿಂಗಳ ಹಿಂದೆ ಕಾಂಕ್ರೀಟ್ ಹಾಕಿದ ಮೇಸ್ತ್ರಿಯೇ ಅವಳಿಗೆ ಹೇಳಿಹೋಗಿದ್ದ, ದಿನಾ ನೀರು ಹೊಡೆಯದಿದ್ದರೆ ಬಿರುಕು ಬಿಡುತ್ತದೆಂದು. ಹೊಸ ಕಟ್ಟಡ ಎಳೆಗೂಸಿದ್ದಂತೆ, ನೀರು ಕುಡಿಸಿದಷ್ಟೂ ಗಟ್ಟಿ ಎಂಬುದು ಗಾರೆ ಕೆಲಸ ಕಂಡ ಈ ಸೀಮೆಯ ಎಲ್ಲರ ನಂಬಿಕೆ, ಸಿಮೆಂಟಿನ ಮಟ್ಟಿಗೆ ಸುಳ್ಳಲ್ಲದ ನಂಬಿಕೆ. ಆ ಕಟ್ಟೆಯನ್ನು ಉಳಿಸಿದ ಕೊಡಪಾನದಿಂದಲೇ ದುರ್ಗಮ್ಮ ಸರಳಿನ ಬುಡದ ಹಸಿ ರಾಳಕ್ಕೂ ನೀರುಣಿಸಿದ್ದಳು. ಮೂರು ಮಳೆಗಾಲ ಬೀದಿಯಲ್ಲಿ ಕೂತು ಗಳಿಸಿದ ಸಂಕಕ್ಕೆ ಅವಳಷ್ಟು ಅಕ್ಕರೆ ತೋರಿದವರು ಇನ್ನೊಬ್ಬರಿರಲಿಲ್ಲ. ದರ್ಶನ ಬಾಯಿ ತೆರೆದಾಗ ಮೇಡಂ ಅವನ ಮೊಣಕೈ ಹಿಡಿದು ಅದುಮಿದರು.

ಮಾದೇವ ಅಷ್ಟರಲ್ಲಿ ಶಿರಸಿಗೆ ಫೋನು ಮಾಡಿಯಾಗಿತ್ತು. ಮರುದಿನ ಬೆಳಿಗ್ಗೆ "ಕಲಬೆರಕೆ ಅಂಟಿನ ಸಂಕ" ಎಂಬ ಕರಪತ್ರದ ಕಟ್ಟುಗಳು ಅಚ್ಚಿನ ಮನೆಯಿಂದ ಬಿಸಿಬಿಸಿಯಾಗಿ ಬಂದವು, ತಾಲೂಕು ಕಚೇರಿಗೆ ಮೆರವಣಿಗೆಯೂ ನಿಗದಿಯಾಯಿತು. ಆಗ ಮೇಡಂ ಅವನನ್ನೂ ಬಳಗದವರನ್ನೂ ಪ್ರಯೋಗಾಲಯಕ್ಕೆ ಕರೆಸಿ ನಡೆದದ್ದನ್ನು ನಡೆದಂತೆ ಹೇಳಿದರು. ಮಾದೇವ ಹತ್ತಿರ ಬಂದು ದನಿ ತಗ್ಗಿಸಿದ.

"ಅಕ್ಕೋರೆ, ಆಚೆ ದಡದ ಸುದ್ದಿ ಎಂತಕ್ಕೆ? ಈಚೆ ದಡದ್ದು ಮಾತ್ರ ಬರೀರಿ. ಅಂಟು ಮೆತ್ತಗೆ ಇತ್ತು, ಸರಳು ಕಿತ್ತು ಬಂತು. ಇದ್ರಲ್ಲಿ ಸುಳ್ಳೆಂತ ಇದೆ? ಗುತ್ತಿಗೆದಾರ್ರು ಬೇರೆ ಕಡೆ ಮಾಡಿದ ಪಾಪಕ್ಕೆ ಇಲ್ಲಿ ಅನುಭವಿಸ್ಲಿ. ಇಲ್ದಿದ್ರೆ ನಾಳೆಯಿಂದ ಆಫೀಸಿನವ್ರು ಎಂತ ಹೇಳ್ತಾರೆ? ಸಂಕ ಕೇಳಿದವ್ರೇ ಸಂಕ ಹಾಳು ಮಾಡಿದ್ರು ಅಂತಾರೆ. ದುರ್ಗಕ್ಕ ಊರಲ್ಲಿ ತಲೆ ಎತ್ತೂದು ಹೇಗೆ?"

ಮಾತಿನಲ್ಲಿ ತೂಕವಿತ್ತು. ಒಂದೇ ದಡದ ವರದಿ ಬರೆದರೆ ಯಾವ ವಾಕ್ಯವೂ ಸುಳ್ಳಾಗುತ್ತಿರಲಿಲ್ಲ. ಬಡವರ ಪಕ್ಷ ಗೆಲ್ಲುತ್ತಿತ್ತು, ದುರ್ಗಮ್ಮನ ಮಾನ ಉಳಿಯುತ್ತಿತ್ತು, ಹೋರಾಟಕ್ಕೆ ಕಿಚ್ಚು ಹತ್ತುತ್ತಿತ್ತು. ಮೇಡಂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಲೇ ಇದ್ದರು. ಕರಪತ್ರವೊಂದನ್ನು ಎತ್ತಿ ಓದಿದರು, ಮಡಚಿದರು, ಬಿಚ್ಚಿದರು. ಧರಣಿಯಲ್ಲಿ ತಮ್ಮ ಪಕ್ಕದಲ್ಲಿ ಕೂತು ಬುತ್ತಿ ಹಂಚಿದ್ದ ದುರ್ಗಮ್ಮನ ಮುಖ ಅವರ ಕಣ್ಣ ಮುಂದಿನಿಂದ ಸರಿಯಲಿಲ್ಲ.

"ಮಾದೇವಪ್ಪ," ಎಂದರು ಕೊನೆಗೆ, "ಇವತ್ತು ಅಂಟು ಕಲಬೆರಕೆ ಅಂತ ಬರೀತೀನಿ. ಅವರು ಹೊಸ ಅಂಟು ತರ್ತಾರ, ಸುರೀತಾರ, ಹೋಗ್ತಾರ. ಸಂಜೀಗೆ ದುರ್ಗಮ್ಮ ಮತ್ತ ಕೊಡಪಾನ ತುಂಬ್ತಾಳ. ಯಾಕಂದ್ರ ನಾವು ಆಕಿಗೆ ಹೇಳಿಲ್ಲ. ಮಳೀ ನಡುವ ಅದರ ಮ್ಯಾಲ ಮಕ್ಕಳು ನಡೀತಾರ. ಆವತ್ತು ಸರಳು ಕಿತ್ತು ಬಂದ್ರ ನಿಮ್ಮ ಕರಪತ್ರದಾಗ ಏನು ಬರೀತೀರಿ?"

ವರದಿಯಲ್ಲಿ ಎರಡೂ ದಡಗಳು ಬಂದವು. ಹಸಿ ರಾಳಕ್ಕೆ ನೀರು ಬಿದ್ದದ್ದರಿಂದ ಈಚೆ ದಡದ ಅಂಟು ಕೂಡಿಲ್ಲ ಎಂದು ಸ್ಪಷ್ಟವಾಗಿ ಬರೆದರು. ಅಲ್ಲಿಗೇ ನಿಲ್ಲಿಸಲಿಲ್ಲ. ಜನ ನೋಡಿಕೊಳ್ಳುತ್ತಿದ್ದ ಕಟ್ಟೆಗೆ ಹೊಸ ಬಗೆಯ ವಸ್ತು ಸುರಿದವರು ಅದಕ್ಕೆ ನೀರು ಸೋಕಬಾರದೆಂದು ಒಂದು ಮಾತು ಹೇಳದೆ ಹೋದದ್ದು ಕಾಮಗಾರಿಯ ಲೋಪವೆಂದೂ, ಡಬ್ಬಿಯ ಮೇಲಿನ ಎಚ್ಚರಿಕೆಯ ಸಾಲುಗಳಲ್ಲಿ ಆ ಊರಿನವರು ಓದಬಲ್ಲ ಒಂದಕ್ಷರವೂ ಇಲ್ಲವೆಂದೂ, ಈಚೆ ದಡದ ಕೆಲಸವನ್ನು ಗುತ್ತಿಗೆದಾರರೇ ಕಿತ್ತು ಮತ್ತೆ ಮಾಡಬೇಕೆಂದೂ ಬರೆದರು. ತಿಳಿಸದೆ ಹೋದವರ ತಪ್ಪಿನ ಪಾಲನ್ನು ತಿಳಿಯದೆ ದುಡಿದವರ ತಲೆಗೆ ಕಟ್ಟುವುದು ಈ ದೇಶದ ಕಚೇರಿಗಳ ಹಳೆಯ ಚಾಳಿ. ಆ ವರದಿ ಅದಕ್ಕೆ ಎಡೆಗೊಡಲಿಲ್ಲ.

ಉದ್ಘಾಟನೆ ರದ್ದಾಯಿತು. ಊರು ಸುಮ್ಮನಿರಲಿಲ್ಲ. ದುರ್ಗಮ್ಮನೇ ಸಂಕಕ್ಕೆ ನೀರು ಬಿಟ್ಟಳೆಂಬ ಕುಹಕ ಬಾವಿಕಟ್ಟೆಯಿಂದ ಪಡಿತರದ ಸಾಲಿನವರೆಗೆ ಹಬ್ಬಿತು. ಅವಳು ಮನೆಯಿಂದ ಹೊರಬೀಳುವುದನ್ನೇ ಬಿಟ್ಟಳು. ಮೇಡಂ ಸಿದ್ದಾಪುರದ ಬಸ್ಸು ಹಿಡಿದು ಅವಳ ಅಂಗಳಕ್ಕೇ ಹೋದರು. ದುರ್ಗಮ್ಮ ಬಾಗಿಲಿಗೆ ಬರಲಿಲ್ಲ, ಒಳಗಿನಿಂದಲೇ ಮಾತಾಡಿದಳು.

"ಎಂತಕ್ಕೆ ಬಂದ್ರಿ ಅಕ್ಕೋರೆ? ನೋಡೂಕಾ? ಸಂಕ ತಿಂದವಳು ಇಲ್ಲೇ ಇದ್ದಾಳೆ, ನೋಡಿ."

"ನಿಮ್ಮ ನೀರಿನಿಂದ ಆ ಕಟ್ಟೆ ಗಟ್ಟಿ ಆಗೇತಿ, ದುರ್ಗಮ್ಮ. ಜಾಕ್ ಹಚ್ಚಿ ಎಳೆದಾಗ ಕಾಂಕ್ರೀಟು ಒಂದು ಚೂರು ಬಿಡಲಿಲ್ಲ. ಅದನ್ನೂ ವರದಿಯೊಳಗ ಬರದೀನಿ."

ಬಾಗಿಲ ಸಂದಿಯಲ್ಲಿ ದುರ್ಗಮ್ಮನ ಮುಖ ಕಂಡಿತು.

"ಅದು ಬರ್ದ್ರಾ?"

"ಬರದೀನಿ. ಈಗ ಹೊಸ ಅಂಟು ಹಾಕ್ತಾರ. ಒಂದು ಹನಿ ಬೀಳಬಾರದು. ಕಾಯೂಕ ಒಬ್ಬರು ಬೇಕು. ನೀರು ಹಾಕೂದ್ರಾಗ ನಿಮ್ಮಷ್ಟು ನಿಯತ್ತು ಇದ್ದವರು ಯಾರಿದಾರ? ಹಾಕದಂಗ ನೋಡ್ಕೊಳ್ಳೂಕೂ ನೀವೇ ಬೇಕು."

ಮುಂಗಾರು ಹೊಸ್ತಿಲಲ್ಲಿತ್ತು. ಹಳ್ಳ ದಿನದಿಂದ ದಿನಕ್ಕೆ ಕೆಂಪಾಗುತ್ತಿತ್ತು. ಕೇರಿಯವರು ಈಚೆ ದಡದ ಕಟ್ಟೆಯ ಮೇಲೆ ಅಡಿಕೆಯ ಸೋಗೆ ಹೊದೆಸಿದ ಚಪ್ಪರ ಕಟ್ಟಿದರು, ಸುತ್ತಲೂ ತಾಡಪಾಲು ಬಿಗಿದರು. ದರ್ಶನ ಹಳೆಯ ರಾಳವನ್ನು ಕೊರೆದು ತೆಗೆಸಿದ. ಆದರೆ ಮೇಡಂ ಸುರಿಯಲು ಒಪ್ಪಿಗೆ ಕೊಡಲಿಲ್ಲ. ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚುಗಳನ್ನು ಅಂಟುಪಟ್ಟಿಯಿಂದ ಮುಚ್ಚಿದರು. ಮರುದಿನ ಬಿಚ್ಚಿದಾಗ ಹಾಳೆಯ ಕೆಳಗೆ ಬೆವರಿನಂಥ ಹನಿಗಳು. ಅಂದರೆ ಕಾಂಕ್ರೀಟಿನ ಹೊಟ್ಟೆಯಲ್ಲಿ ಇನ್ನೂ ನೀರಿದೆ. ಕಾಯಬೇಕು. ಅದರ ಮರುದಿನ ಮತ್ತೆ ಹನಿ. ಆಚೆ ಕಾಡಿನಲ್ಲಿ ಗುಡುಗು ಹೊರಳುತ್ತಿದ್ದರೆ ಮೇಡಂ ಚಪ್ಪರದ ಸುತ್ತ ತಿರುಗುತ್ತಿದ್ದರು. ಮಾದೇವ ದೂರದಲ್ಲಿ ನಿಂತು, "ಮಳೆಗಾಲ ಮುಗಿದ ಮೇಲೆ ಹಾಳೆ ಒಣಗ್ತದೆ, ಕಾಯಿರಿ" ಎಂದು ಚುಚ್ಚುತ್ತಿದ್ದ.

ಅಕ್ಕರೆ ಎರಡನೆಯ ಸಲವೂ ದಾರಿ ತಪ್ಪಲಿತ್ತು. ತೇವ ಹೋಗಬೇಕಂತೆ ಎಂಬ ಸುದ್ದಿ ತಿಳಿದ ಹೆಂಗಸರು ಮನೆಮನೆಯಿಂದ ಕೆಂಡ ತುಂಬಿದ ಮಡಕೆಗಳನ್ನು ಹೊತ್ತು ಬಂದರು. ಬೆಂಕಿಯ ಹೊಗೆಯಲ್ಲೂ ನೀರಿನ ಹಬೆ ಇರುತ್ತದೆ, ಹೊಗೆಯ ಗಾಳಿಯೂ ಹಾರ್ಡನರ್ ಜೊತೆ ಸೇರಿ ಅದೇ ಬಿಳಿ ಜಿಡ್ಡು ಕಟ್ಟಿಸುತ್ತದೆ. ಮೇಡಂ ಓಡೋಡಿ ಬರುವಷ್ಟರಲ್ಲಿ ಚಪ್ಪರದ ಬಾಯಲ್ಲಿ ದುರ್ಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ವಾಪಸ್ ಹೋಗಿ! ನೀರೂ ಇಲ್ಲ, ಬೆಂಕಿಯೂ ಇಲ್ಲ. ಅಕ್ಕೋರನ್ನ ಕೇಳ್ದೆ ಒಂದು ಊದುಬತ್ತಿಯೂ ಒಳಗೆ ಬರೂಕಿಲ್ಲ. ನಂಗಾದ ಗತಿ ನಿಮ್ಗೂ ಆಗ್ಬೇಕಾ?"

ಮೇಡಂ ನಿಂತಲ್ಲೇ ನಕ್ಕುಬಿಟ್ಟರು. ದರ್ಶನ ಜನರೇಟರ್ ತರಿಸಿದ, ದೊಡ್ಡ ಬಲ್ಬುಗಳನ್ನು ಚಪ್ಪರದೊಳಗೆ ತೂಗುಬಿಟ್ಟ. ಕೊನೆಗೊಂದು ಬೆಳಿಗ್ಗೆ ಹಾಳೆಯನ್ನು ಎತ್ತಿದಾಗ ಕೆಳಗೆ ಏನೂ ಇರಲಿಲ್ಲ. ದುರ್ಗಮ್ಮ ತನ್ನ ಅಂಗೈಯ ಹಿಂಬದಿಯನ್ನು ಕಟ್ಟೆಗೆ ತಾಗಿಸಿ ನೋಡಿ, ಮೇಡಂ ಕಡೆ ತಿರುಗಿ ತಲೆಯಾಡಿಸಿದಳು. ಬಿಸಿಲೇರಿದ ಮೇಲೆ ರಾಳ ಸುರಿದರು. ಅದು ಕೂಡುವವರೆಗಿನ ದಿನಗಳಲ್ಲಿ ದುರ್ಗಮ್ಮ ಆ ಚಪ್ಪರ ಬಿಟ್ಟು ಕದಲಲಿಲ್ಲ. ಕೈ ತೊಳೆಯಲು ಸಹ ದೂರ ಹೋಗುತ್ತಿದ್ದಳಂತೆ.

ಜಾಕ್ ಕಟ್ಟುವ ದಿನ ಇಡೀ ಕೇರಿ ದಡದಲ್ಲಿತ್ತು. ಒತ್ತಡದ ಮುಳ್ಳು ಏರುತ್ತ ಹೋದಂತೆ ದರ್ಶನನ ಹಣೆಯ ಬೆವರು ಇಳಿಯುತ್ತ ಹೋಯಿತು. ಮುಳ್ಳು ತಲುಪಬೇಕಾದ ಗೆರೆ ತಲುಪಿ, ದಾಟಿ, ನಿಂತಿತು. ಸರಳು ಮಿಸುಕಲಿಲ್ಲ. ಮೇಡಂ ಮತ್ತೊಂದು ಸರಳಿಗೆ ಹಚ್ಚಿಸಿದರು. ಆಮೇಲೆ ಮಗದೊಂದಕ್ಕೆ. ಎಲ್ಲರ ಸಹನೆ ಹರಿಯುವವರೆಗೆ ಎಳೆಸಿ, ಕಟ್ಟೆಯ ಮೇಲೆಯೇ ಕಾಗದವಿಟ್ಟು ಸಹಿ ಹಾಕಿದರು. ಗಣ್ಯರಿಲ್ಲ, ರಿಬ್ಬನ್ನಿಲ್ಲ. ಮೊದಲು ದುರ್ಗಮ್ಮ ಸಂಕದ ನಡುವಿನವರೆಗೆ ಹೋಗಿ ಕಾಲು ಕುಟ್ಟಿದಳು.

"ಅಲ್ಲಾಡ್ತದಲ್ಲ ಅಕ್ಕೋರೆ!"

"ಅಲ್ಲಾಡ್ಲಿ! ಕಬ್ಬಿಣ ಅಲ್ಲಾಡ್ಬೇಕು, ಬುಡ ಅಲ್ಲಾಡ್ಬಾರ್ದು!"

ಎರಡು ದಿನಕ್ಕೆ ಮುಂಗಾರು ಇಳಿಯಿತು. ಹಳ್ಳ ತುಂಬಿ ಹರಿಯಿತು, ಮಕ್ಕಳು ಶಾಲೆಗೆ ಹೋದರು. ಅಚ್ಚಾದ ಕರಪತ್ರಗಳನ್ನು ಮಾದೇವ ಸುಡಲು ಹೊರಟಿದ್ದ, ಮೇಡಂ ಬಿಡಲಿಲ್ಲ. ಮುಂಬದಿಗೆ ಅಡ್ಡಗೆರೆ ಎಳೆಸಿ, ಖಾಲಿ ಇದ್ದ ಬೆನ್ನಿನ ಮೇಲೆ ಹೊಸ ಬರಹ ಅಚ್ಚು ಹಾಕಿಸಿದರು: ಎಪಾಕ್ಸಿಗೆ ಯಾಕೆ ನೀರು ಹಾಕಬಾರದು, ಹಾಳೆಯ ಪರೀಕ್ಷೆ ಹೇಗೆ, ಉಗುರಿಗೆ ಜಿಡ್ಡು ಬಂದರೆ ಯಾರನ್ನು ಕೇಳಬೇಕು. ನೇರ ಕನ್ನಡದಲ್ಲಿ. ಮೂರು ತಾಲೂಕುಗಳ ಕಾಮಗಾರಿಗಳಲ್ಲಿ ಆ ಕಾಗದ ಇಂದಿಗೂ ಗೋಡೆಗಳ ಮೇಲಿದೆ. ಡಬ್ಬಿಯ ಮೇಲೆ ಕನ್ನಡ ಬರಬೇಕೆಂಬ ನಮ್ಮ ಹೋರಾಟ ಅಲ್ಲಿಂದಲೇ ಶುರುವಾಯಿತು. ಇನ್ನೂ ಗೆದ್ದಿಲ್ಲ, ಬಿಟ್ಟೂ ಇಲ್ಲ.

ಬೀಳ್ಕೊಡುಗೆಯ ದಿನ ಪ್ರಾಚಾರ್ಯರು ಇನ್ನು ವಿಶ್ರಾಂತಿ ಪಡೆಯಿರಿ ಎಂದು ಹಾರೈಸುತ್ತಿರುವಾಗ ಮೇಡಂ ವೇದಿಕೆಯ ಹಿಂದಿನ ಗೋಡೆಗೆ ಕೈ ತಾಗಿಸುತ್ತಿದ್ದುದನ್ನು ಮುಂದಿನ ಸಾಲಿನವರೆಲ್ಲ ಕಂಡರು. ಮತ್ತಿಘಟ್ಟದ ಹಳ್ಳಕ್ಕೊಂದು ಸಂಕ ಮಂಜೂರಾಗಿದೆ, ಅಲ್ಲಿಗೆ ಬನ್ನಿರೆಂದು ಕರೆ ಬಂದಿದೆ. ಹೋಗದೆ ಅವರಿಂದ ಇರಲಾಗದು. ಆದ್ದರಿಂದ ವಿಶ್ರಾಂತಿಯನ್ನು ನಾವು ಹಾರೈಸುವುದಿಲ್ಲ. ಅವರ ಕಾಲಿಗೆ ದಾರಿಯೂ, ಬೆರಳಿಗೆ ಅನುಮಾನವೂ, ಮೈಗೆ ಆರೋಗ್ಯವೂ ಬಹುಕಾಲ ಇರಲಿ.

ಈ ಗ್ರಂಥಕ್ಕೆ ಒಂದು ಹಾರೈಕೆಯ ಮಾತು ಬೇಕೆಂದು ನಿಲ್ಕುಂದಕ್ಕೆ ಹೋದಾಗ ದುರ್ಗಮ್ಮ ಸಂಕದ ಮೇಲಿನ ತರಗೆಲೆ ಗುಡಿಸುತ್ತಿದ್ದಳು. ಪೊರಕೆ ನಿಲ್ಲಿಸದೆಯೇ ಹೇಳಿದಳು:

"ಅಕ್ಕೋರು ನೂರು ವರ್ಷ ಬಾಳ್ಲಿ ಅಂತ ಬರ್ಕೊಳ್ಳಿ. ಆದ್ರೆ ಅದ್ರ ಕೆಳಗೆ ಅವ್ರ ಸಹಿ ಮಾತ್ರ ಈಗ್ಲೇ ಕೇಳ್ಬೇಡಿ. ಎಳೆದು ನೋಡ್ದೆ ಅವ್ರು ಹಾಕೂದಿಲ್ಲ. ನೂರು ತುಂಬಿದ ಮೇಲೆ ಅವ್ರೇ ಬಂದು ಹಾಕ್ತಾರೆ."